ಗರಡಿಯ ಮಣ್ಣು, ಕುಣಿತದ ಕಾಲು

ಡೊಳ್ಳು ಬಾರಿಸುವುದು ಎಂದು ಹೇಳುವುದು ವಾಡಿಕೆ. ಆದರೆ ಬಾರಿಸುವ ಮೊದಲು ಅದನ್ನು ಹೊರಬೇಕು. ಮರದ ಗೂಡಿಗೆ ಎರಡೂ ಬದಿ ಚರ್ಮ ಬಿಗಿದ ಆ ವಾದ್ಯವನ್ನು ಹೆಗಲಿಗೇರಿಸಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬರಿ ಅಂಗೈ, ಹೀಗೆ ಬಡಿಯುತ್ತಲೇ ಬಾಗಿ, ಕುಳಿತು, ಎದ್ದು, ನೆಗೆದು ಕುಣಿಯಬೇಕು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಇನ್ನೊಂದು ಗಂಡುಕಲೆ ವೀರಗಾಸೆ. ಶ್ರಾವಣ, ಕಾರ್ತೀಕ ಬಂತೆಂದರೆ ಕೈಯಲ್ಲಿ ಖಡ್ಗ, ಎದೆಯ ಮೇಲೆ ರುದ್ರಾಕ್ಷಿ, ತಲೆಗೆ ಚೌರಿ. ಒಡಪು ಹೇಳುತ್ತಾ ಉಸಿರು ಕೆಡದಂತೆ ಹೆಜ್ಜೆ ಹಾಕುವುದು ಸುಲಭದ ಮಾತಲ್ಲ.

ಈ ಕಸುವು ಹಿಂದೆ ಎಲ್ಲಿಂದ ಬರುತ್ತಿತ್ತು? ಕುಣಿತಕ್ಕೆಂದೇ ಬೇರೆ ವ್ಯಾಯಾಮ ಇರಲಿಲ್ಲ. ಹೊಲದ ಕೆಲಸ, ಕುರಿಯ ಹಿಂದಿನ ಅಲೆದಾಟ, ಮೂಟೆ ಹೊರುವುದು, ಬಾವಿಯಿಂದ ನೀರು ಸೇದುವುದು, ಇವೇ ಸಾಕಾಗುತ್ತಿದ್ದವು. ಅದರ ಮೇಲೆ ಹಳೆಯ ಮೈಸೂರು ಸಂಸ್ಥಾನದ ಅನೇಕ ಊರುಗಳಲ್ಲಿ ಗರಡಿಮನೆಗಳಿದ್ದವು. ಗೋಡೆಗೆ ಆಂಜನೇಯನ ಪಟ, ನಡುವೆ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು. ಹುಡುಗರು ಬೆಳಗಿನ ಜಾವ ದಂಡ, ಬಸ್ಕಿ ಹೊಡೆದು ಮೈ ಬೆವರಿಸಿದ ಮೇಲೆಯೇ ಮಟ್ಟಿಗೆ ಇಳಿಯುವುದು. ಅಲ್ಲಿ ಕಲಿತ ತೊಡೆಯ ಬಲ ಜಾತ್ರೆಯ ದಿನ ಕುಣಿತಕ್ಕೆ ಒದಗುತ್ತಿತ್ತು.

ಕುಣಿಯುವವರಿಗೂ ಮೈ ಗಟ್ಟಿ ಮಾಡುವ ಸಾಧನೆ ಬೇಕೆಂಬುದು ಹೊಸ ವಿಚಾರವೇನಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಚಾರಿಗಳನ್ನು, ಅಂದರೆ ಕಾಲಿನ ಚಲನೆಗಳನ್ನು ವಿವರಿಸುವ ಕಡೆ ವ್ಯಾಯಾಮದ ವಿಷಯ ಬರುತ್ತದೆ. ಮೈಗೆ ಎಣ್ಣೆಯನ್ನೋ ಜವೆಯ ಗಂಜಿಯನ್ನೋ ತಿಕ್ಕಿಕೊಂಡು, ನೆಲದ ಮೇಲೂ ನೆಗೆತದಲ್ಲೂ ಚಾರಿಗಳನ್ನು ಸಾಧಿಸಬೇಕು. ಕಸುವು ಇರುವುದು ಆಹಾರದಲ್ಲಾದ್ದರಿಂದ ಊಟದ ಬಗ್ಗೆ ಎಚ್ಚರ ಬೇಕು ಎಂಬುದು ಅದರ ಸಾರಾಂಶ. ಮುದ್ರೆ, ರಸ, ಭಾವಗಳ ಚರ್ಚೆಯಲ್ಲಿ ಈ ಭಾಗವನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ.

ಕನ್ನಡ ನೆಲದಲ್ಲೇ ಹುಟ್ಟಿದ ಇನ್ನೊಂದು ಸಂಸ್ಕೃತ ಗ್ರಂಥ ಇನ್ನೂ ಸ್ವಾರಸ್ಯದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲರ ಅಭ್ಯಾಸದ ವಿವರವಿದೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ: ತೂಕ ಎತ್ತುವುದು, ನಡೆದಾಟ, ಈಜು, ಕಂಬದ ಸಾಧನೆ. ಅದೇ ಗ್ರಂಥದಲ್ಲಿ ನೃತ್ಯಕ್ಕೂ ಪ್ರತ್ಯೇಕ ಪ್ರಕರಣವಿದೆ. ಒಬ್ಬ ದೊರೆಯ ವಿನೋದಗಳ ಪಟ್ಟಿಯಲ್ಲಿ ಮಲ್ಲನೂ ನರ್ತಕಿಯೂ ಅಕ್ಕಪಕ್ಕ ಬಂದರೂ ಮಲ್ಲನ ತೂಕದ ಕಲ್ಲು ನರ್ತಕಿಯ ಅಂಗಳಕ್ಕೆ ಉರುಳಿ ಬರಲಿಲ್ಲ.

ಇವೆರಡನ್ನೂ ಒಂದೇ ಜೀವನದಲ್ಲಿ ಪ್ರೀತಿಸಿದವರು ಬೆಂಗಳೂರಿನ ಕೆ.ವಿ. ಅಯ್ಯರ್. ವ್ಯಾಯಾಮಶಾಲೆ ನಡೆಸಿ, ಅಂಗಸಾಧನೆಯ ಮೇಲೆ ಪುಸ್ತಕ ಬರೆದು ನೂರಾರು ತರುಣರ ಮೈ ಕಟ್ಟಿದ ಈ ಮನುಷ್ಯನೇ ಹೊಯ್ಸಳ ರಾಣಿ, ನಾಟ್ಯಸರಸ್ವತಿ ಶಾಂತಲೆಯ ಮೇಲೆ ಕಾದಂಬರಿ ಬರೆದದ್ದು!

ತೂಕ ಎತ್ತಿದರೆ ಮೈ ಬಿರುಸಾಗುತ್ತದೆ, ಲಾಲಿತ್ಯ ಹೋಗುತ್ತದೆ, ಮಕ್ಕಳಾದರೆ ಬೆಳವಣಿಗೆ ನಿಂತುಹೋಗುತ್ತದೆ ಎಂಬ ಭಯ ಇಂದಿಗೂ ಇದೆ. ವೈದ್ಯರು ಹೇಳುವುದು ಬೇರೆ. ತಿಳಿದವರ ಕಣ್ಗಾವಲಿನಲ್ಲಿ, ಸರಿಯಾದ ಕ್ರಮದಲ್ಲಿ ಮಾಡಿದ ಬಲಸಾಧನೆ ಮಕ್ಕಳಿಗೂ ಸುರಕ್ಷಿತವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರ ವರದಿಯಲ್ಲೂ ಹೇಳಿದೆ. ಪ್ರಾಯಕ್ಕೆ ಬರುವ ಮೊದಲು ಮಾಂಸಖಂಡ ಅಷ್ಟಾಗಿ ದಪ್ಪವಾಗುವುದಿಲ್ಲ. ನರಗಳು ಸ್ನಾಯುಗಳನ್ನು ಚೆನ್ನಾಗಿ ದುಡಿಸಲು ಕಲಿಯುತ್ತವೆ, ಬಲ ಬರುವುದು ಹಾಗೆ. ನೆಗೆದು ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ತೊಡೆ, ಮೀನಖಂಡ ಗಟ್ಟಿಯಾಗಿದ್ದರೆ ಅವು ಹೊರುತ್ತವೆ, ಇಲ್ಲವಾದರೆ ಮಂಡಿ ಹೊರಬೇಕು.

ಇಂದು ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಬಾವಿಗೆ ಮೋಟಾರ್. ಗರಡಿಗಳು ಬಹಳ ಕಡೆ ಬಾಗಿಲು ಹಾಕಿವೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಾತ್ರ ಡೊಳ್ಳೂ ವೀರಗಾಸೆಯೂ ಇವೆ. ಹೆಣ್ಣುಮಕ್ಕಳ ತಂಡಗಳೂ ಡೊಳ್ಳು ಹೆಗಲಿಗೇರಿಸಿವೆ, ಸಂತೋಷದ ವಿಷಯವೇ. ಆದರೆ ಗರಡಿ ಅವರ ಅಜ್ಜಿಯರಿಗೆ ಯಾವತ್ತೂ ತೆರೆದಿರಲಿಲ್ಲ. ಕುಣಿತ ಮಾತ್ರ ಕೈ ದಾಟಿ ಬಂದಿದೆ, ಅದರ ಹಿಂದಿದ್ದ ದುಡಿಮೆಯ ಮೈ ಬಂದಿಲ್ಲ.

ಇದಕ್ಕೆ ಬೇಕಾದದ್ದು ಜಿಮ್ಮಿನ ಯಂತ್ರಗಳೇನಲ್ಲ. ವಾರಕ್ಕೆ ಎರಡು ಮೂರು ದಿನ ಬಸ್ಕಿ, ದಂಡ, ಹಿಮ್ಮಡಿ ಎತ್ತಿ ನಿಲ್ಲುವುದು, ಮೆತ್ತಗೆ ಇಳಿಯುವ ನೆಗೆತ. ಮೊದಲು ಬರಿಗೈ ಹೆಜ್ಜೆ, ಆಮೇಲೆ ಚಿಕ್ಕ ಡೊಳ್ಳು, ಕೊನೆಗೆ ದೊಡ್ಡದು. ಹಸಿದವರು, ಬಾಯಾರಿದವರು, ದಣಿದವರು ವ್ಯಾಯಾಮ ಮಾಡಕೂಡದೆಂದು ನಾಟ್ಯಶಾಸ್ತ್ರ ಆಗಲೇ ವಿಧಿಸಿತ್ತು. ಮುಖ್ಯ ಅತಿಥಿಗಳ ಕಾರು ಬರುವವರೆಗೆ ಡೊಳ್ಳು ಹೊತ್ತು ಬಿಸಿಲಲ್ಲಿ ಸಾಲು ನಿಂತ ಮಕ್ಕಳನ್ನು ಕಂಡವರಿಗೆ ಆ ಮಾತು ನೆನಪಾಗದೆ ಇರದು.