ಕಾವಲುಗಾರನ ಪುಸ್ತಕ ತುಂಬಿದಾಗ...

ಕಂಪ್ಯೂಟರ್ ಬರುವ ಮುಂಚೆ ನಮ್ಮ ದಾದರ್ ಶಾಖೆಯಲ್ಲಿ ಹಿತ್ತಾಳೆ ಟೋಕನ್ ಕೊಡುತ್ತಿದ್ದೆವು. ಇರುವ ಟೋಕನ್ ಎಲ್ಲಾ ಹಂಚಿ ಆದ ಮೇಲೆ ಹೊಸ ಚೆಕ್ ತೆಗೆದುಕೊಳ್ಳುವ ಹಾಗಿಲ್ಲ. ಟೋಕನ್ ಇಸಕೊಂಡ ಪುಣ್ಯಾತ್ಮರೆಲ್ಲಾ ಚಹಾಕ್ಕೆ ಹೋಗಿ ಕೂತರೆ? ಒಂದು ಪೈಸೆ ಕದಿಯದೆ ಬ್ಯಾಂಕು ಬಂದ್!

ಫೈರ್‌ವಾಲ್‌ಗಳ ಚರಿತ್ರೆ ಓದುವಾಗ ಇದು ನೆನಪಾಯಿತು. ಇಸ್ರೇಲಿನ ಗಿಲ್ ಶ್ವೆಡ್ ಮತ್ತು ಇಬ್ಬರು ಗೆಳೆಯರು 1993ರಲ್ಲಿ ಚೆಕ್ ಪಾಯಿಂಟ್ ಕಂಪನಿ ಕಟ್ಟಿದರು. ಅವರ 'ಫೈರ್‌ವಾಲ್-1' ಹೆಸರು ಮಾಡಿದ್ದು ನೆನಪಿನ ಶಕ್ತಿಯಿಂದ. ಹಳೆಯ ಫಿಲ್ಟರ್‌ಗಳು ಪ್ರತಿ ಪ್ಯಾಕೆಟ್ಟನ್ನೂ ಹೊಸಬನಂತೆ ನೋಡುತ್ತಿದ್ದವು. ಇದು ಮಾತ್ರ ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಅಂತ ಒಂದು ಪಟ್ಟಿ ಇಟ್ಟುಕೊಳ್ಳುತ್ತಿತ್ತು.

ಆ ಪಟ್ಟಿಯೇ ಕುತ್ತಿಗೆಗೆ ಬಂತು ನೋಡಿ. 1999ರಲ್ಲಿ ಲ್ಯಾನ್ಸ್ ಸ್ಪಿಟ್ಜ್‌ನರ್ (ಮೊದಲು ಅಮೆರಿಕದ ಸೈನ್ಯದಲ್ಲಿ ಟ್ಯಾಂಕ್ ಪಡೆಯ ಅಧಿಕಾರಿ!) ಇದನ್ನು ಪರೀಕ್ಷೆ ಮಾಡಿದರು. ಸಂಪರ್ಕ ಶುರುವಾಗುವುದು 'ಸಿನ್' ಪ್ಯಾಕೆಟ್‌ನಿಂದ. ಉತ್ತರ ಬಾರದಿದ್ದರೆ ಅದರ ನಮೂದು 60 ಸೆಕೆಂಡಿಗೆ ಅಳಿಸಿಹೋಗುತ್ತಿತ್ತು. ಆದರೆ ಶುರುವೇ ಆಗದ ಮಾತಿನ ನಡುವಿನ 'ಆಕ್' ಪ್ಯಾಕೆಟ್ ಬಂದರೆ? ನಿಯಮ ಒಪ್ಪಿದರೆ ಸಾಕು, ಹಳೇ ಗಿರಾಕಿ ಇರಬೇಕು ಅಂತ 3600 ಸೆಕೆಂಡು, ಅಂದರೆ ಪೂರಾ ಒಂದು ಗಂಟೆ, ಜಾಗ ಕೊಡುತ್ತಿತ್ತು. ಪಟ್ಟಿಯಲ್ಲಿ ಇದ್ದದ್ದು ಸುಮಾರು 25,000 ಸಾಲು. ಇಲ್ಲದ ವಿಳಾಸಗಳಿಗೆ ಅಷ್ಟು ಪ್ಯಾಕೆಟ್ ಕಳಿಸಿದರೆ 'ಇಲ್ಲಿ ಯಾರೂ ಇಲ್ಲ' ಅನ್ನುವವರೂ ಇರುವುದಿಲ್ಲ, ಸಾಲು ಖಾಲಿಯಾಗುವುದಿಲ್ಲ. ಹೊರಗೆ ಕಾಯುವ ನಿಜವಾದ ಗಿರಾಕಿಗೆ ಬಾಗಿಲು ಮುಚ್ಚಿದ ಹಾಗೆ. ಅದಕ್ಕೆ ದೊಡ್ಡ ಯಂತ್ರವೂ ಬೇಕಿರಲಿಲ್ಲ.

ಮುಂದಿನ ವರ್ಷ, 2000ದ ಜೂನ್‌ನಲ್ಲಿ, ಅದೇ ಸ್ಪಿಟ್ಜ್‌ನರ್ ಇನ್ನೊಂದನ್ನು ಹಿಡಿದರು. ದೊಡ್ಡ ಪ್ಯಾಕೆಟ್ ತುಂಡುತುಂಡಾಗಿ ಬಂದರೆ ಫೈರ್‌ವಾಲ್-1 ಮೊದಲು ಜೋಡಿಸಿ, ಆಮೇಲೆ ನಿಯಮ ನೋಡುತ್ತಿತ್ತು. ಎಂದೂ ಪೂರ್ತಿಯಾಗದ ತುಂಡುಗಳನ್ನೇ ಸುರಿದರೆ ನಿಯಮ ಎಷ್ಟು ಬಿಗಿ ಇದ್ದರೂ ಉಪಯೋಗವಿಲ್ಲ, ಯಾಕೆಂದರೆ ನಿಯಮದ ತನಕ ವಿಷಯ ಹೋಗುವುದೇ ಇಲ್ಲ. ಸಿಪಿಯು ನೂರಕ್ಕೆ ನೂರು, ಫೈರ್‌ವಾಲ್ ಸ್ತಬ್ಧ. ಅದರ ಹಿಂದೆ ಇರುವ ಇಡೀ ಆಫೀಸು ಹೊರಜಗತ್ತಿಗೆ ಇಲ್ಲ.

ಕಾರಣ ಹುಡುಕಿದರೆ ತಮಾಷೆ. ಸಿಪಿಯು ತಿನ್ನುತ್ತಿದ್ದದ್ದು ಜೋಡಿಸುವ ಕೆಲಸ ಅಷ್ಟಲ್ಲ, 'ಹೀಗೊಂದು ತುಂಡು ಬಂತು' ಅಂತ ಕನ್ಸೋಲ್ ಮೇಲೆ ಬರೆಯುವ ಕೆಲಸ! ದುರಸ್ತಿ ಬರುವವರೆಗೆ ಕಂಪನಿ ಕೊಟ್ಟ ಸಲಹೆ: ಆ ಬರವಣಿಗೆ ನಿಲ್ಲಿಸಿ. ನಮ್ಮ ಆಡಿಟರ್ ಸಾಹೇಬರ ಕಿವಿಗೆ ಬಿದ್ದಿದ್ದರೆ ಅಲ್ಲೇ ತಲೆ ಸುತ್ತಿ ಬೀಳುತ್ತಿದ್ದರು.