ಕೈರೋದಲ್ಲಿ ಸಿಕ್ಕಿದ ಮಂಗಳೂರು

ಮಂಗಳೂರಿನ ಹಳೆ ಬಂದರಿನ ಒಂಬೈನೂರು ವರ್ಷ ಹಿಂದಿನ ಲೆಕ್ಕಪತ್ರಗಳು ಸಿಕ್ಕಿದ್ದು ಮಂಗಳೂರಿನಲ್ಲಲ್ಲ, ಈಜಿಪ್ಟಿನ ಹಳೆ ಕೈರೋದ ಯಹೂದಿ ಮಂದಿರವೊಂದರ ಉಗ್ರಾಣದಲ್ಲಿ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಎಸೆಯಬಾರದೆಂಬ ನಂಬಿಕೆಯಿಂದ ಅಲ್ಲಿ ವ್ಯಾಪಾರದ ಚೀಟಿಗಳೂ ಉಳಿದುಕೊಂಡವು.

ಆ ಚೀಟಿಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನಿದ್ದಾನೆ. ಹುಟ್ಟೂರು ಟ್ಯುನೀಷಿಯಾದ ಮಹ್ದಿಯಾ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ ಅವನು 1149ರಲ್ಲಿ ಏಡನ್ನಿಗೆ ಮರಳಿದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿದ್ದವು.

ನನಗೆ ಮುಖ್ಯವಾದವನು ಯಜಮಾನನಲ್ಲ, ಅವನ ಆಳು. ಅವನು ಯಜಮಾನನ ಸರಕು ಹೊತ್ತು ಏಡನ್ನಿಗೆ ಹೋಗಿ ಬರುತ್ತಿದ್ದ. ಒಮ್ಮೆ ಅಲ್ಲಿ ಕುಡಿದು, ದುಡ್ಡಿಗಾಗಿ ಪೀಡಿಸಿದನೆಂದು ಅಲ್ಲಿನ ವರ್ತಕ ದೂರು ಬರೆದ. ಹೀಬ್ರೂ ಲಿಪಿಯಲ್ಲಿದ್ದ ಅವನ ಹೆಸರಿಗೆ ಸ್ವರಗಳಿರಲಿಲ್ಲ. ಅಮಿತಾವ್ ಘೋಷ್ ಅದರ ಬೆನ್ನುಹತ್ತಿ ಮಂಗಳೂರಿಗೆ ಬಂದು, ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದನ್ನು ‘ಬೊಮ್ಮ’ ಎಂದು ಓದಿದರು. 1992ರಲ್ಲಿ ಬಂದ ಅವರ ಪುಸ್ತಕದಿಂದ ಆ ಹೆಸರು ಲೋಕಕ್ಕೆ ತಿಳಿಯಿತು.

ಬಂದರಿನ ಗುಣವೇ ಹಾಗೆ. ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆಯಲ್ಲಿ ಹೂಳು ತುಂಬುತ್ತಲೇ ಇತ್ತು. ದೊಡ್ಡ ಹಡಗುಗಳು ಹೊರಗೆ ನಿಂತರೆ ಸಣ್ಣ ದೋಣಿಗಳು ಸರಕು ಸಾಗಿಸಬೇಕಿತ್ತು. 1975ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಉದ್ಘಾಟನೆಯಾಯಿತು. ಹಳೆ ಧಕ್ಕೆ ಮೀನುಗಾರರದಾಗಿ ಉಳಿಯಿತು. ಕಡಲಿನ ಲೆಕ್ಕ ಮಾತ್ರ ಅಷ್ಟಾಗಿ ಬದಲಾಗಿಲ್ಲ. ಬೊಮ್ಮನ ಹಡಗು ಮುಂಗಾರಿಗೆ ತಲೆಬಾಗಿ ಗಾಳಿಗೆ ಕಾಯುತ್ತಿತ್ತು. ಇಂದಿನ ಯಾಂತ್ರಿಕ ದೋಣಿಗಳು ಜೂನ್, ಜುಲೈ ಎರಡು ತಿಂಗಳು ದಡದಲ್ಲೇ ನಿಲ್ಲುತ್ತವೆ.

ಇದೇ ಕರಾವಳಿಯ ಮೊಗವೀರರು ಮುಂಬಯಿಗೆ ಹೋಗಿ 1902ರಲ್ಲೇ ತಮ್ಮದೊಂದು ಮಂಡಳಿ ಕಟ್ಟಿದರು. ಅವರ ಹೆಸರುಗಳು ತಮ್ಮದೇ ದಫ್ತರದಲ್ಲಿವೆ. ಬೊಮ್ಮನಿಗೆ ಆ ಭಾಗ್ಯವಿರಲಿಲ್ಲ. ಯಜಮಾನನ ಲೆಕ್ಕದ ಸಾಲಿನಲ್ಲಿ ಮಾತ್ರ ಅವನು ಬದುಕಿದ್ದಾನೆ. ಊರು ಬಿಟ್ಟು ಬಂದ ನಾವು ದಿನವಿಡೀ ಬರೆಯುವ ಮಿಂಚಂಚೆಗಳಲ್ಲಿ ನಮ್ಮ ಹೆಸರಿದೆ, ನಿಜ. ಆದರೆ ಅವೂ ಯಜಮಾನನ ಲೆಕ್ಕವೇ. ನಮ್ಮ ಕಥೆಯನ್ನು ನಾವೇ ನಮ್ಮ ನುಡಿಯಲ್ಲಿ ಬರೆದಿಡದಿದ್ದರೆ, ಮುಂದೆ ಯಾರೋ ನಮ್ಮ ಹೆಸರಿನ ಸ್ವರಗಳನ್ನೂ ಹೀಗೆಯೇ ಹುಡುಕಬೇಕಾದೀತು.