ಸಮಾಜ ವಿಜ್ಞಾನ ಶಿಕ್ಷಕರು ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರಾಗುವ ವೃತ್ತಿಮಾರ್ಗ: ಅರ್ಹತೆ, ಅವಧಿ ಮತ್ತು ಅನುಮತಿ

1. ಪೀಠಿಕೆ

ತುಮಕೂರು ಕಂದಾಯ ಜಿಲ್ಲೆಯ ಹತ್ತು ತಾಲ್ಲೂಕುಗಳ ಪೈಕಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿರುವ ಶಿಕ್ಷಕರು ಮುಂದೆ ಶಿಕ್ಷಕರ ಶಿಕ್ಷಣ ಸಂಸ್ಥೆಗಳಲ್ಲಿ ಅಥವಾ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳಲ್ಲಿ ಬೋಧಕರಾಗಲು ಅವಕಾಶವಿದೆ. ಆದರೆ ನಿಯಮಗಳ ಮಾಹಿತಿ ಇಲ್ಲದೆ ಪದವಿ ಪಡೆದು, ಹಲವು ವರ್ಷಗಳ ನಂತರ ಆ ಪದವಿಯು ಹುದ್ದೆಗೆ ಸಲ್ಲದೆಂದು ತಿಳಿಯುವ ಸಂಭವವೂ ಇದೆ. ಆದುದರಿಂದ ಆಸಕ್ತರ ಅನುಕೂಲಕ್ಕಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

2. ಸ್ನಾತಕೋತ್ತರ ಪದವಿಯ ಆಯ್ಕೆ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್.ಸಿ.ಟಿ.ಇ.) 1993ರ ಅಧಿನಿಯಮದ ಮೇರೆಗೆ ರಚಿತವಾದ ಸಂಸ್ಥೆ. ಇದರ 2014ರ ವಿನಿಯಮಗಳಂತೆ ಬಿ.ಇಡಿ. ಬೋಧಕರ ಹುದ್ದೆಗೆ ಎರಡು ಮುಖ್ಯ ದಾರಿಗಳಿವೆ.

ಅ) ಸಮಾಜ ವಿಜ್ಞಾನ ಬೋಧನಾ ಪದ್ಧತಿಯ ಬೋಧಕರಾಗಲು: ಸಮಾಜ ವಿಜ್ಞಾನದ ವಿಷಯವೊಂದರಲ್ಲಿ ಶೇ. 55 ಅಂಕಗಳೊಡನೆ ಎಂ.ಎ. ಹಾಗೂ ಶೇ. 55 ಅಂಕಗಳೊಡನೆ ಎಂ.ಇಡಿ.

ಆ) ಶಿಕ್ಷಣದ ತಾತ್ವಿಕ ಹಾಗೂ ಸಾಮಾಜಿಕ ತಳಹದಿಯ ವಿಷಯಗಳ ಬೋಧಕರಾಗಲು: ಮೇಲ್ಕಂಡಂತೆ ಎಂ.ಎ. ಮತ್ತು ಎಂ.ಇಡಿ.; ಅಥವಾ ಶಿಕ್ಷಣಶಾಸ್ತ್ರದಲ್ಲಿ ಶೇ. 55 ಅಂಕಗಳೊಡನೆ ಎಂ.ಎ. ಹಾಗೂ ಶೇ. 55 ಅಂಕಗಳೊಡನೆ ಬಿ.ಇಡಿ.

ಶಿಕ್ಷಣಶಾಸ್ತ್ರದ ಎಂ.ಎ. ಪದವಿಯನ್ನು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ದೂರಶಿಕ್ಷಣದ ಮೂಲಕ ನೀಡುವುದರಿಂದ ಸೇವಾನಿರತರು ಅದನ್ನು ಆರಿಸಿಕೊಳ್ಳುವುದು ಸಹಜ. ಆದರೆ ಎಂ.ಇಡಿ. ಇಲ್ಲದೆ ಕೇವಲ ಈ ಪದವಿಯಿಂದ (ಅ) ವರ್ಗದ ಹುದ್ದೆಗೆ ಅರ್ಹತೆ ದೊರೆಯುವುದಿಲ್ಲ ಎಂಬುದನ್ನು ಪ್ರವೇಶ ಪಡೆಯುವ ಮೊದಲೇ ಗಮನಿಸತಕ್ಕದ್ದು. ಎಂ.ಇಡಿ. ಪದವಿಗೆ ಸೇರುವವರು ಆ ಸಂಸ್ಥೆಯ ಕೋರ್ಸಿಗೆ ಎನ್.ಸಿ.ಟಿ.ಇ. ಮಾನ್ಯತೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸದರಿ ವಿನಿಯಮಗಳಂತೆ 2015-16ನೇ ಸಾಲಿನಿಂದ ಎಂ.ಇಡಿ. ಎರಡು ವರ್ಷಗಳ ಕೋರ್ಸಾಯಿತು. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ಈ ಕ್ಷೇತ್ರದಲ್ಲಿ ರಾಜ್ಯದ ಪ್ರಮುಖ ಸಂಸ್ಥೆಯಾಗಿದೆ.

3. ನೆಟ್ ಮತ್ತು ಕೆ-ಸೆಟ್

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯು.ಜಿ.ಸಿ.) 2018ರ ವಿನಿಯಮಗಳಿಗೆ 2023ರಲ್ಲಿ ತಂದ ತಿದ್ದುಪಡಿಯಂತೆ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆಯಾಗಿದ್ದು, ಪಿಎಚ್.ಡಿ. ಐಚ್ಛಿಕವಾಗಿದೆ. ಶಿಕ್ಷಣಶಾಸ್ತ್ರವು ನೆಟ್ ಪರೀಕ್ಷೆಯಲ್ಲಿ 09 ಸಂಕೇತದ ವಿಷಯ. ಮೊದಲ ಪತ್ರಿಕೆಗೆ 100 ಅಂಕಗಳು, ಎರಡನೆಯ ಪತ್ರಿಕೆಗೆ 200 ಅಂಕಗಳು. ಸಹಾಯಕ ಪ್ರಾಧ್ಯಾಪಕರ ಅರ್ಹತೆಗಾಗಿ ಪರೀಕ್ಷೆ ಬರೆಯುವವರಿಗೆ ಗರಿಷ್ಠ ವಯೋಮಿತಿ ಇಲ್ಲ.

ಅಂಕಗಳನ್ನು ಪೂರ್ಣಾಂಕಕ್ಕೆ ಏರಿಸಿ ಪರಿಗಣಿಸಲಾಗುವುದಿಲ್ಲ. ಸಾಮಾನ್ಯ ವರ್ಗದ ಅಭ್ಯರ್ಥಿಯ ಸ್ನಾತಕೋತ್ತರ ಅಂಕ ಶೇ. 54.9 ಇದ್ದರೂ ಅರ್ಹತೆ ಇಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 50 ಸಾಕು.

ಕೆ-ಸೆಟ್ ಪ್ರಮಾಣಪತ್ರವು ಕರ್ನಾಟಕಕ್ಕೆ ಮಾತ್ರ ಸೀಮಿತ. ಪಾವಗಡ ಅಥವಾ ಮಧುಗಿರಿ ತಾಲ್ಲೂಕಿನ ಗಡಿಭಾಗದ ಶಿಕ್ಷಕರು ಹತ್ತಿರವಿದೆ ಎಂಬ ಕಾರಣಕ್ಕೆ ಆಂಧ್ರ ಪ್ರದೇಶದ ಸಂಸ್ಥೆಗಳಿಗೂ ಅರ್ಜಿ ಸಲ್ಲಿಸುವ ಉದ್ದೇಶವಿದ್ದಲ್ಲಿ ನೆಟ್ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದು ಸೂಕ್ತ.

4. ಪಿಎಚ್.ಡಿ.

ಯು.ಜಿ.ಸಿ.ಯ 2022ರ ವಿನಿಯಮಗಳಂತೆ ಪಿಎಚ್.ಡಿ. ಅವಧಿಯು ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಅರೆಕಾಲಿಕ ಅಧ್ಯಯನಕ್ಕೆ ಅವಕಾಶವಿದೆ. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ನೀಡಲು ಅವಕಾಶವಿಲ್ಲ. ಅರೆಕಾಲಿಕ ಅಭ್ಯರ್ಥಿಗಳು ತಮ್ಮ ಕಚೇರಿಯ ಸಕ್ಷಮ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಸಲ್ಲಿಸತಕ್ಕದ್ದು. ಅಧ್ಯಯನಕ್ಕೆ ಅನುಮತಿ ನೀಡಲಾಗಿದೆ, ಕರ್ತವ್ಯದ ನಡುವೆ ಸಂಶೋಧನೆಗೆ ಸಮಯ ದೊರೆಯುತ್ತದೆ, ಅಗತ್ಯವಿದ್ದಲ್ಲಿ ಕೋರ್ಸ್‌ವರ್ಕ್‌ಗಾಗಿ ಬಿಡುಗಡೆ ಮಾಡಲಾಗುವುದು ಎಂಬ ಮೂರೂ ಅಂಶಗಳು ಅದರಲ್ಲಿರಬೇಕು.

ಸಂಶೋಧನೆಯ ವಿಷಯಕ್ಕಾಗಿ ದೂರ ಹೋಗಬೇಕಾಗಿಲ್ಲ. ಪಾವಗಡದ ತರಗತಿಗಳಲ್ಲಿ ಮನೆಮಾತು ತೆಲುಗು ಆಗಿರುವ ಮಕ್ಕಳ ಕನ್ನಡ ಮಾಧ್ಯಮದ ಕಲಿಕೆ, 1687ರಲ್ಲಿ ಮೊಘಲರ ವಶವಾದ ಶಿರಾದ ಸ್ಮಾರಕಗಳನ್ನು ಬಳಸಿ ಇತಿಹಾಸ ಬೋಧನೆ, ಮಧುಗಿರಿಯ ಏಕಶಿಲಾ ಬೆಟ್ಟ ಹಾಗೂ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವನ್ನು ಆಧರಿಸಿದ ಭೂಗೋಳ ಪಾಠ, ತಿರುಮಣಿ ಸುತ್ತಮುತ್ತ ರೈತರಿಂದ ಗುತ್ತಿಗೆ ಪಡೆದ ಸುಮಾರು 13,000 ಎಕರೆಯಲ್ಲಿರುವ 2,050 ಮೆಗಾವಾಟ್ ಸೌರ ಉದ್ಯಾನವನ್ನು ಅರ್ಥಶಾಸ್ತ್ರದ ಪಾಠಕ್ಕೆ ಬಳಸುವುದು, ಇವೆಲ್ಲವೂ ಅಧ್ಯಯನಯೋಗ್ಯ ವಿಷಯಗಳೇ. ತರಗತಿಯಲ್ಲಿ ಕಳೆದ ವರ್ಷಗಳ ನಿಜವಾದ ಬೆಲೆ ಇಲ್ಲಿ ದೊರೆಯುತ್ತದೆ.

5. ಸೇವಾವಧಿಯ ಲೆಕ್ಕಾಚಾರ

ಹೆಚ್ಚಿನವರು ತಪ್ಪು ತಿಳಿಯುವ ಅಂಶ ಇದಾಗಿದೆ. ಯು.ಜಿ.ಸಿ. 2018ರ ವಿನಿಯಮಗಳಂತೆ ಸಹ ಪ್ರಾಧ್ಯಾಪಕರ ನೇರ ನೇಮಕಾತಿಗೆ 8 ವರ್ಷ, ಪ್ರಾಧ್ಯಾಪಕರ ನೇರ ನೇಮಕಾತಿಗೆ 10 ವರ್ಷಗಳ ಅನುಭವ ಬೇಕು. ಎರಡಕ್ಕೂ ಪಿಎಚ್.ಡಿ. ಕಡ್ಡಾಯ; ಕ್ರಮವಾಗಿ ಕನಿಷ್ಠ 7 ಮತ್ತು 10 ಸಂಶೋಧನಾ ಪ್ರಕಟಣೆಗಳಿರಬೇಕು. ಅನುಭವವೆಂದರೆ ಸಹಾಯಕ ಪ್ರಾಧ್ಯಾಪಕರಿಗೆ ಸಮಾನವಾದ ಹುದ್ದೆಯಲ್ಲಿನ ಬೋಧನೆ ಅಥವಾ ಸಂಶೋಧನೆ. ಪ್ರೌಢಶಾಲೆಯಲ್ಲಿ ಸಲ್ಲಿಸಿದ ಸೇವೆ ಎಷ್ಟೇ ದೀರ್ಘವಾಗಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ.

ವೃತ್ತಿ ಪದೋನ್ನತಿ ಯೋಜನೆಯಡಿ ಪಿಎಚ್.ಡಿ. ಹೊಂದಿ ಸೇರಿದವರಿಗೆ ಹಂತಗಳು 4, 5, 3 ಮತ್ತು 3 ವರ್ಷ. ಒಟ್ಟು 15 ವರ್ಷ.

ಉದಾಹರಣೆ: 34ನೇ ವಯಸ್ಸಿನಲ್ಲಿ ಎಂ.ಇಡಿ. ಸೇರಿ, 36ರಲ್ಲಿ ಮುಗಿಸಿ, ನೆಟ್ ಹಾಗೂ ಪಿಎಚ್.ಡಿ. ಪಡೆದು 40ರಲ್ಲಿ ಸಹಾಯಕ ಪ್ರಾಧ್ಯಾಪಕರಾದವರು ಈ ಯೋಜನೆಯಡಿ ಪ್ರಾಧ್ಯಾಪಕರಾಗುವುದು ಬೇಗವೆಂದರೆ 55ನೇ ವಯಸ್ಸಿನಲ್ಲಿ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಪ್ರತಿ ವರ್ಷದ ವಿಳಂಬವು ಈ ಐದು ವರ್ಷಗಳಿಂದಲೇ ಕಳೆಯುತ್ತದೆ.

6. ಸೇವಾನಿರತರು ಅನುಸರಿಸಬೇಕಾದ ಕ್ರಮ

ಅ) ಕೋರ್ಸಿಗೆ ಸೇರುವ ಮುನ್ನವೇ ಮುಖ್ಯ ಶಿಕ್ಷಕರ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿ ಪಡೆಯುವುದು.

ಆ) ಅನುಮತಿ ಆದೇಶ ಹಾಗೂ ಪಡೆದ ಪದವಿಯನ್ನು ಸೇವಾ ಪುಸ್ತಕದಲ್ಲಿ ನಮೂದಿಸಿಕೊಳ್ಳುವುದು.

ಇ) ಹೊಸ ಹುದ್ದೆಗೆ ಸಲ್ಲಿಸುವ ಅರ್ಜಿಯನ್ನು ಸೂಕ್ತ ಮಾರ್ಗದ ಮೂಲಕವೇ ಸಲ್ಲಿಸುವುದು. ಇದನ್ನು ಪಾಲಿಸದೆ ರಾಜೀನಾಮೆ ನೀಡಿ ಹೊರಟಲ್ಲಿ ಹಿಂದಿನ ಸೇವೆಯ ಸೌಲಭ್ಯಗಳಿಗೆ ಧಕ್ಕೆ ಉಂಟಾಗಬಹುದು. 01-04-2006ಕ್ಕೆ ಮೊದಲು ನೇಮಕಗೊಂಡು ಹಳೆಯ ಪಿಂಚಣಿ ಯೋಜನೆಗೆ ಒಳಪಟ್ಟವರು ಈ ಬಗ್ಗೆ ವಿಶೇಷ ಎಚ್ಚರ ವಹಿಸತಕ್ಕದ್ದು.

ಈ) ಎಲ್ಲ ಅಂಕಪಟ್ಟಿಗಳು, ಅನುಮತಿ ಆದೇಶಗಳು ಮತ್ತು ಜಾತಿ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳುವುದು.

ಸೂಚನೆ: ಮೇಲಿನ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಯಾವುದೇ ನೇಮಕಾತಿಗೆ ಆಯಾ ಅಧಿಸೂಚನೆಯಲ್ಲಿನ ಷರತ್ತುಗಳೇ ಅಂತಿಮವಾಗಿರುತ್ತವೆ. ಅರ್ಜಿದಾರರು ಅಧಿಸೂಚನೆಯನ್ನು ಸಂಪೂರ್ಣವಾಗಿ ಓದಿದ ನಂತರವೇ ಅರ್ಜಿ ಸಲ್ಲಿಸಬೇಕಾಗಿ ಕೋರಲಾಗಿದೆ.